ಹದಿಮೂರನೆಯ ಹಾಳೆ

ಜೂನ್ 3, ಮಂಗಳವಾರ

ಈ ಅಕ್ಷರ ನನ್ನದಲ್ಲ, ಎಡಗೈಯದು. ಬಲಗೈ ಮೊಣಕೈತನಕ ಪ್ಲಾಸ್ಟರಿನೊಳಗೆ ಕೂತಿದೆ. ಆರು ವಾರವಂತೆ. ಮೂರು ಸಾಲಿಗೇ ಬೆವರು ಬಂತು. ಸಾಕು.

ಜೂನ್ 5, ಗುರುವಾರ

ಡಾಕ್ಟರು "ಎಡಗೈಗೆ ಏನಾದ್ರೂ ಕೆಲಸ ಕೊಡಿ, ಇಲ್ಲಾಂದ್ರೆ ನಿಮ್ಮ ಬಲಗೈ ಸುಮ್ನಿರಲ್ಲ" ಎಂದರು. ಅದಕ್ಕೇ ಈ ಬರವಣಿಗೆ. ಹಾಳೆ ನನ್ನವೇ, ಅಚ್ಚು ಕೆಟ್ಟ ಹಾಳೆಗಳ ಹಿಂಬದಿ. ಮುಂಬದಿಯಲ್ಲಿ, ಬೀಜದ ಪೊಟ್ಟಣಕ್ಕೆಂದು ಅಚ್ಚು ಹಾಕಿದ ಕ್ಯಾರೆಟ್ಟಿನ ಎಲೆ ಒಂದು ಕಡೆ, ಗಡ್ಡೆ ಇನ್ನೊಂದು ಕಡೆ ಬಿದ್ದಿವೆ. ಹೋದ ವರ್ಷದಿಂದ ಇಂಥ ಹಾಳೆಗೆ ನನ್ನ ಕೋಣೆಯಲ್ಲಿ ಬರವಿಲ್ಲ, ರಾಶಿ ಮೊಣಕಾಲೆತ್ತರ ಬಂದಿದೆ.

ಸ್ಕ್ರೀನ್ ಪ್ರಿಂಟಿಂಗಿಗೆ ಇಬ್ಬರು ಬೇಕು. ಮೇಜಿನ ಈಚೆ ಒಬ್ಬ ಸ್ಕ್ರೀನಿನ ಸಣ್ಣ ಜಾಲರಿಯ ಮೇಲೆ ರಬ್ಬರ್ ಪಟ್ಟಿಯಿಂದ ಬಣ್ಣ ಎಳೆಯಬೇಕು, ಆಚೆ ಒಬ್ಬರು ಹಸಿ ಹಾಳೆಯನ್ನು ಎತ್ತಿ ಹಿಂದಿರುವ ರ್ಯಾಕಿನಲ್ಲಿ ಒಣಗಲು ಇಡಬೇಕು. ಇಪ್ಪತ್ತಾರು ವರ್ಷ ಈಚೆ ನಾನು, ಆಚೆ ನನ್ನ ಹೆಂಡತಿ. ಹೋದ ವರ್ಷ ಏಪ್ರಿಲಿನಲ್ಲಿ ಅವಳು ತೀರಿಕೊಂಡಳು. ಆಮೇಲೆ ಎಳೆಯುವವನೂ ನಾನೇ, ಎತ್ತುವವನೂ ನಾನೇ. ಭಾನುವಾರ ಹಸಿ ಹಾಳೆ ಹಿಡಿದು ರ್ಯಾಕಿಗೆ ಹೋಗುವಾಗ, ಸ್ಕ್ರೀನ್ ತೊಳೆಯುವ ಬಕೆಟ್ಟಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದೆ.

ಅಕ್ಕ ಬಂದಿದ್ದಳು. ಎರಡು ಬೀದಿ ಆಚೆ ಇರುವ ನಿವೃತ್ತ ಟೆಲಿಫೋನ್ ಆಪರೇಟರ್. ಮೂವತ್ತು ವರ್ಷ ತಂತಿಯಲ್ಲಿ ಮಾತಾಡಿ ಮಾತಾಡಿ, ಎದುರಿಗಿದ್ದವರ ಜೊತೆಗೂ ದೂರದೂರಿಗೆ ಕೂಗಿದಂತೆಯೇ ಮಾತು. ಕೋಣೆಯನ್ನು ಒಮ್ಮೆ ನೋಡಿ ತನಿಖೆ ಶುರು ಮಾಡಿದಳು.

"ಲೋ, ಮೇಜಿನ ಎಡಗಡೆಯಿಂದ ಹೋದ್ರೆ ರ್ಯಾಕು ಮೂರು ಹೆಜ್ಜೆ. ನೀನ್ಯಾಕೋ ಬಲಗಡೆಯಿಂದ, ಬಕೆಟ್ಟಿನ ಮೇಲೆ ಹಾಯ್ದು, ಪ್ರದಕ್ಷಿಣೆ ಹಾಕಿಕೊಂಡು ಹೋದೆ?"

"ಅಭ್ಯಾಸ" ಎಂದೆ.

"ಯಾವಾಗಿಂದ?"

ದಿಂಬು ಕೊಡು ಎಂದೆ. ಕೈ ನೋಯುತ್ತಿತ್ತು.

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಮೇಜನ್ನು ಮಾರಿ ಅಂಗಡಿ ಮುಚ್ಚುವುದು. ಬೀಜದಂಗಡಿಯ ಯಜಮಾನರಿಗೆ, ಕ್ಯಾರೆಟ್ ಪೊಟ್ಟಣ ಬೇರೆ ಎಲ್ಲಾದರೂ ಮಾಡಿಸಿಕೊಳ್ಳಿ ಎಂದು ಹೇಳಿದೆ. ಅವರು ಪ್ಲಾಸ್ಟರನ್ನೇ ನೋಡುತ್ತಾ "ಜುಲೈ ಕೊನೆಯವರೆಗೂ ಕಾಯ್ತೀನಿ ಬಿಡಿ" ಎಂದು ಹೊರಟುಹೋದರು. ಒಳ್ಳೆಯವರ ಕಾಟ ತಡೆಯುವುದು ಕಷ್ಟ.

ಜೂನ್ 8, ಭಾನುವಾರ

ಮಗಳಿಗೆ ಮೇಜಿನ ವಿಷಯ ಹೇಳಿದೆ. ಅವಳು ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಕೆಲಸ ಮಾಡುತ್ತಾಳೆ. ಉಳಿದ ವೇಳೆಯೆಲ್ಲ ಚೆಸ್ ಆಡುವ ಒಂದು ಪ್ರೋಗ್ರಾಮಿಗೆ ಮೀಸಲು. ಅದನ್ನು ಅವಳೇ ಬರೆದದ್ದು. ಅದಕ್ಕೆ ಮೊದ್ದಣ್ಣ ಎಂದು ಹೆಸರಿಟ್ಟಿದ್ದಾಳೆ, ಹೆಸರಿಗೆ ತಕ್ಕ ಹಾಗೇ ಇದೆ. ವರ್ಷಕ್ಕೊಮ್ಮೆ ಹವ್ಯಾಸಿಗಳು ಬರೆದ ಪ್ರೋಗ್ರಾಮುಗಳಿಗೆಲ್ಲ ಇಂಟರ್‌ನೆಟ್ಟಿನಲ್ಲಿ ಒಂದು ಸ್ಪರ್ಧೆ ನಡೆಯುತ್ತದೆ. ಒಬ್ಬೊಬ್ಬರಿಗೆ ಐದು ಆಟ. ಎರಡು ವರ್ಷದಲ್ಲಿ ಮೊದ್ದಣ್ಣ ಹತ್ತು ಆಟ ಆಡಿ ಹತ್ತನ್ನೂ ಸೋತಿದ್ದಾನೆ.

"ಪಂಥ ಕಟ್ಟೋಣ ಅಪ್ಪ" ಎಂದಳು. "ಜುಲೈ ಆರಕ್ಕೆ ಸ್ಪರ್ಧೆ. ಐದರಲ್ಲಿ ಒಂದೇ ಒಂದು ಆಟ ಗೆದ್ರೂ ಮೇಜು ಇಲ್ಲೇ ಇರ್ಬೇಕು. ಒಂದೂ ಗೆಲ್ಲದಿದ್ರೆ ನಾನು ತುಟಿ ಪಿಟಕ್ ಅನ್ನಲ್ಲ. ಮೇಜಿನ ಒಂದು ಕಾಲು ನಾನೇ ಹಿಡ್ಕೊಂಡು ಹೊರಗೆ ಸಾಗಿಸ್ತೀನಿ."

ತಕ್ಷಣ ಒಪ್ಪಿಕೊಂಡೆ. ಇಷ್ಟು ಸುಲಭದ ಪಂಥ ನನ್ನ ಜೀವಮಾನದಲ್ಲಿ ಸಿಕ್ಕಿರಲಿಲ್ಲ.

ಜೂನ್ 11, ಬುಧವಾರ

ಎದುರಾಳಿಯ ಶಕ್ತಿ ತಿಳಿದಿರಲಿ ಎಂದು ಮೊದ್ದಣ್ಣನ ಜೊತೆ ಮೂರು ಆಟ ಆಡಿದೆ. ಮೂರೂ ಸೋತೆ. ಮೊದ್ದಣ್ಣ ಮೊದ್ದು ನಿಜ, ಆದರೆ ನನ್ನಷ್ಟಲ್ಲ ಎಂದು ಗೊತ್ತಾಯಿತು. ಆಡಿದ ನಡೆಗಳನ್ನೆಲ್ಲ ಕೆಟ್ಟ ಹಾಳೆಯ ಹಿಂದೆ ಬರೆದಿಟ್ಟುಕೊಳ್ಳುತ್ತಿದ್ದೇನೆ, ಎಡಗೈಗೂ ಒಂದು ಉದ್ಯೋಗವಾಯಿತು.

ಮಗಳು ಮೊದಲ ವರ್ಷದ ಕಥೆ ಹೇಳಿದಳು. ಆಗ ಮೊದ್ದಣ್ಣನಿಗೆ ಹಲಗೆಯ ಅಂಚು ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಬಲತುದಿಯಲ್ಲಿದ್ದ ಕುದುರೆ ಬೇಲಿ ಹಾರಿ ಎಡತುದಿಯಿಂದ ಒಳಗೆ ಬಂದು ಎದುರಾಳಿಯ ಮಂತ್ರಿಗೆ ಒದೆಯಿತಂತೆ. ಸ್ಪರ್ಧೆಯವರು ಆಟ ನಿಲ್ಲಿಸಿ ಇವಳಿಗೆ ಒಂದು ಕಾಗದ ಬರೆದರು. ನಕ್ಕು ನಕ್ಕು ನನ್ನ ಪ್ಲಾಸ್ಟರ್ ಟೀಪಾಯಿಗೆ ಬಡಿಯಿತು.

ಜೂನ್ 15, ಭಾನುವಾರ

ಮೊದ್ದಣ್ಣನ ಹೊಟ್ಟೆಯಲ್ಲಿ ಏನಿದೆ ತೋರಿಸು ಎಂದೆ. ಒಳಗೊಂದು ಪುಟಾಣಿ ಹಲಗೆ, ಅದರ ಮೇಲೆ ಪುಟಾಣಿ ಕಾಯಿಗಳು ಇರುತ್ತವೆ ಎಂದುಕೊಂಡಿದ್ದೆ.

"ಅದಕ್ಕೆ ಹಲಗೆ ಕಾಣಿಸಲ್ಲ ಅಪ್ಪ, ಕಣ್ಣೇ ಇಲ್ಲ. ಅದಕ್ಕೆ ಗೊತ್ತಿರೋದು ಹೌದು ಮತ್ತು ಇಲ್ಲ, ಎರಡೇ ಮಾತು" ಎಂದಳು.

ಮೊದಲ ಸಲ ಅರವತ್ತನಾಲ್ಕು ಡಬ್ಬಿ ಸಾಲಾಗಿಟ್ಟು, ಯಾವ ಮನೆಯಲ್ಲಿ ಯಾವ ಕಾಯಿ ಇದೆ ಎಂದು ಒಂದೊಂದರಲ್ಲೂ ಚೀಟಿ ಹಾಕಿದ್ದಳಂತೆ. ಆನೆ ಎಲ್ಲಿದೆ ಎಂದು ತಿಳಿಯಬೇಕಾದರೂ ಡಬ್ಬಿಗಳನ್ನೆಲ್ಲ ಇಣುಕಿ ನೋಡಬೇಕು. ಸಮಯವೆಲ್ಲ ಇಣುಕುವುದರಲ್ಲೇ ಹೋಗುತ್ತಿತ್ತು. ಹೋದ ವರ್ಷ ಡಬ್ಬಿ ಬಿಟ್ಟು ಹಾಳೆಗಳಿಗೆ ಬಂದಳು. ಬಿಳಿಯ ಆರು ಜಾತಿಯ ಕಾಯಿಗೆ ಆರು ಹಾಳೆ, ಕಪ್ಪಿಗೆ ಆರು. ಬಿಳಿ ಕುದುರೆಯ ಹಾಳೆಯಲ್ಲಿ ಬಿಳಿ ಕುದುರೆ ಇರುವ ಮನೆಗಳಲ್ಲಿ ಮಾತ್ರ ಒಂದೊಂದು ಚುಕ್ಕೆ, ಬೇರೆ ಯಾರು ಎಲ್ಲಿದ್ದರೂ ಅದಕ್ಕೆ ಬೇಕಿಲ್ಲ. ಅರವತ್ತನಾಲ್ಕು ಮನೆಯ ಒಂದು ಹಾಳೆ ಎಂದರೆ ಕಂಪ್ಯೂಟರಿಗೆ ಬರೀ ಒಂದು ಸಂಖ್ಯೆ, ಒಂದೇ ತುತ್ತಿಗೆ ನುಂಗಬಹುದು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಇದು ನಮ್ಮ ಕೆಲಸ ಕಣೇ!"

ಬಣ್ಣಕ್ಕೊಂದು ಸ್ಕ್ರೀನ್. ಹಸಿರು ಸ್ಕ್ರೀನಿಗೆ ಎಲೆ ಗೊತ್ತು, ಗಡ್ಡೆ ಗೊತ್ತಿಲ್ಲ. ಕಿತ್ತಳೆ ಸ್ಕ್ರೀನಿಗೆ ಗಡ್ಡೆ ಗೊತ್ತು, ಎಲೆ ಗೊತ್ತಿಲ್ಲ. ಒಂದರ ಮೇಲೊಂದು ಸರಿಯಾಗಿ ಕೂತಾಗಲೇ ಕ್ಯಾರೆಟ್. ಕಾಲಾಳುಗಳೆಲ್ಲ ಎಲ್ಲೆಲ್ಲಿ ಹೆಜ್ಜೆ ಇಡಬಹುದು ಎಂದು ಹುಡುಕಲು ಮೊದ್ದಣ್ಣ ಒಬ್ಬೊಬ್ಬನನ್ನೂ ಕರೆದು ಕೇಳುವುದಿಲ್ಲ, ಅವರ ಇಡೀ ಹಾಳೆಯನ್ನೇ ಒಂದು ಸಾಲು ಮುಂದಕ್ಕೆ ಸರಿಸಿ ನೋಡುತ್ತಾನೆ. ನಾನು ಒಂದೇ ಎಳೆತಕ್ಕೆ ಹಾಳೆಯ ಮೇಲಿನ ಎಂಟು ಕ್ಯಾರೆಟ್ಟಿಗೂ ಎಲೆ ಮೂಡಿಸುವುದಿಲ್ಲವೇ, ಹಾಗೆ.

ಮಗಳು "ಇದು ತಲೆಗೆ ಹೋಗೋಕೆ ನಂಗೆ ಮೂರು ವಾರ ಬೇಕಾಯ್ತು" ಎಂದಳು. ವಿನಯದಿಂದ ತಲೆ ತಗ್ಗಿಸಿದೆ. ಅವಳು ಅಡುಗೆಮನೆಗೆ ಹೋದ ಕೂಡಲೇ ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಕೊಚ್ಚಿಕೊಂಡೆ.

ಹದಿಮೂರನೆಯದೊಂದು ಹಾಳೆಯೂ ಇದೆ. ಅದರಲ್ಲಿ ಜಾತಿ, ಬಣ್ಣ ಯಾವುದೂ ಇಲ್ಲ. ಯಾರಾದರೂ ಇರುವ ಮನೆಗೆಲ್ಲ ಒಂದು ಚುಕ್ಕೆ, ಅಷ್ಟೇ. ಮಗಳು ಅದನ್ನು "ಎಲ್ಲರ ಹಾಳೆ" ಎನ್ನುತ್ತಾಳೆ. ಆನೆ, ಒಂಟೆ, ಮಂತ್ರಿ ಹೊರಡುವ ಮುಂಚೆ ದಾರಿ ಖಾಲಿ ಇದೆಯೋ ಇಲ್ಲವೋ ಎಂದು ಈ ಹಾಳೆಯನ್ನೊಂದೇ ಕೇಳುತ್ತವೆ. ಇದಲ್ಲದೆ ಒಂದು ಚೀಟಿ: ಈಗ ಯಾರ ಸರದಿ, ರಾಜ ತನ್ನ ಜಾಗದಿಂದ ಒಮ್ಮೆಯಾದರೂ ಅಲುಗಿದ್ದಾನೋ ಇಲ್ಲವೋ, ಈಗಷ್ಟೇ ಎರಡು ಮನೆ ಹಾರಿದ ಕಾಲಾಳು ಯಾರು. ಇಷ್ಟರಲ್ಲೇ ಅವನ ಸಂಸಾರ ನಡೆಯುತ್ತದೆ.

ಜೂನ್ 17, ಮಂಗಳವಾರ

ಪ್ಲಾಸ್ಟರಿನೊಳಗೆ ತುರಿಕೆ. ಕರೆಂಟ್ ಬಿಲ್ಲು ನನ್ನ ಹೆಸರಿಗೆ ಬಂತು. ಅದೊಂದು ಬಾಕಿ ಇತ್ತು. ಬ್ಯಾಂಕು, ಫೋನು, ಗ್ಯಾಸು, ಎಲ್ಲ ಕಡೆಯೂ ಹೆಂಡತಿಯ ಹೆಸರು ತೆಗೆಸಿದ್ದಾಯಿತು. ಮೊದ್ದಣ್ಣನ ಜೊತೆ ಆಡಲಿಲ್ಲ.

ಜೂನ್ 20, ಶುಕ್ರವಾರ

ಗೆದ್ದೆ! ಮೊದ್ದಣ್ಣನನ್ನು ಸೋಲಿಸಿದೆ!

ಗೆದ್ದ ರೀತಿ ಮಾತ್ರ ವಿಚಿತ್ರ. ನಾನು ನನ್ನ ಮಂತ್ರಿಯನ್ನು ಪೆದ್ದನಂತೆ ಅವನ ಆನೆಯ ಎದುರಿಗೇ ಇಟ್ಟೆ. ನಡುವೆ ಒಂದು ನರಪಿಳ್ಳೆಯೂ ಇಲ್ಲ. ಆನೆ ನೇರ ಬಂದು ಎತ್ತಿಕೊಂಡು ಹೋಗಬಹುದಿತ್ತು. ಬರಲಿಲ್ಲ. ಮುಂದಿನ ನಡೆಯಲ್ಲೂ ಬರಲಿಲ್ಲ. ನೇರ ದಾರಿ ಬಿಟ್ಟು ಪಕ್ಕದ ಸಾಲಿಗೆ ಸರಿದು, ಇಡೀ ಹಲಗೆ ಸುತ್ತಿಕೊಂಡು ಹೊರಟಿತು. ಅಷ್ಟರಲ್ಲಿ ನಾನು ಅವನ ರಾಜನನ್ನು ಮೂಲೆಗೆ ಒತ್ತಿದ್ದೆ. ಇನ್ನೊಂದು ವಿಷಯ. ಆಟದ ನಡುವೆ ಒಮ್ಮೆ ನನ್ನ ಕುದುರೆಯನ್ನು ಅದೇ ಸಾಲಿನ ಖಾಲಿ ಮನೆಯೊಂದರಲ್ಲಿ ಇಡಹೋದರೆ "ಈ ನಡೆ ಸಲ್ಲದು" ಎಂದು ಪರದೆಯ ಮೇಲೆ ಬಂದಿತ್ತು. ನಾನೇ ಏನೋ ತಪ್ಪು ಒತ್ತಿರಬೇಕು ಎಂದು ಸುಮ್ಮನಾಗಿದ್ದೆ.

ಮಗಳಿಗೆ ತೋರಿಸಿದರೆ ಬಿಳಿಚಿಕೊಂಡಳು. "ಹೋದ ವರ್ಷವೂ ಎರಡು ಆಟ ಹೀಗೇ ಕೈಬಿಟ್ಟು ಹೋಗಿದ್ವು. ನಾನು ಹುಡುಕೋಕೆ ಕೂತಾಗ ಮಾತ್ರ ಬರಲ್ಲ ಈ ತಪ್ಪು."

ಪಂಥದ ಲೆಕ್ಕದಲ್ಲಿ ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಖಾಲಿ ಮನೆಗೆ ಹೆದರಿ ಊರೆಲ್ಲ ಸುತ್ತುವ ಆನೆಯನ್ನು ಕಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಎಂಥ ಪೆದ್ದು ಆನೆ ಅದು.

ಜೂನ್ 22, ಭಾನುವಾರ

ನನಗೊಂದು ಉಪಾಯ ಹೊಳೆಯಿತು. ಡಿಸೈನ್ ಬರೆಯುವ ಪಾರದರ್ಶಕ ಫಿಲ್ಮು ಬೇಕಾದಷ್ಟಿದೆ. ಹದಿಮೂರು ಹಾಳೆ ಕತ್ತರಿಸಿ, ಎಲ್ಲದರ ಮೇಲೂ ಅರವತ್ತನಾಲ್ಕು ಮನೆ ಗೆರೆ ಹಾಕಿಸಿದೆ. ಒಳಗೆ ದೀಪ ಉರಿಯುವ ಗಾಜಿನ ಪೆಟ್ಟಿಗೆಯ ಮೇಲೆ ಹರಡಿದೆವು. ಶುಕ್ರವಾರದ ಆಟದ ನಡೆಗಳನ್ನು ಬರೆದಿಟ್ಟುಕೊಂಡಿದ್ದೆ. ಮಗಳು ತನ್ನ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಬೇಕು, ನಾನು ಕಂಪ್ಯೂಟರಿನ ಹಾಗೆ ಚುಕ್ಕೆ ಹಾಕಬೇಕು, ಒದ್ದೆ ಬಟ್ಟೆಯಿಂದ ಒರೆಸಬೇಕು. ಅಕ್ಕ ಪ್ರೇಕ್ಷಕಿ.

ನಲವತ್ತೊಂದು ನಡೆ. ಊಟ ಮುಗಿಸಿ ಕೂತವರು ಎದ್ದಾಗ ಐದು ಗಂಟೆ. ಕೊನೆಗೆ ಹದಿಮೂರು ಹಾಳೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಚುಕ್ಕೆಗಳೆಲ್ಲ ಸರಿಯಾಗಿ ಕೂತಿವೆ. ಒಂದೂ ತಪ್ಪಿಲ್ಲ.

ಮಗಳು ಹಾಳೆಗಳನ್ನು ಹಾಗೇ ಬಿಟ್ಟು ತನ್ನ ಕೋಣೆಗೆ ಹೋದಳು. ಸ್ಪರ್ಧೆಗೆ ಇನ್ನು ಎರಡೇ ವಾರ.

ಜೂನ್ 24, ಮಂಗಳವಾರ

ಇವತ್ತು ಉದ್ದ ಬರೆಯುತ್ತೇನೆ, ಎಡಗೈ ಬಿದ್ದುಹೋದರೂ ಸರಿ.

ಸಂಜೆ ಅಕ್ಕ ಟೀ ಕುಡಿಯುತ್ತಾ ಸುಮ್ಮನೆ ಒಂದು ಮಾತಂದಳು. "ಮೊನ್ನೆ ನೀನು ಅವಳು ಹೇಳದೇ ಇದ್ದಾಗಲೂ ಮಧ್ಯ ಮಧ್ಯ ಒರೆಸ್ತಿದ್ದೆಯಲ್ಲೋ, ಅದೂ ಕಂಪ್ಯೂಟರ್ ಮಾಡತ್ತಾ?"

ಮಗಳು ತಿರುಗಿ ನೋಡಿದಳು. "ಏನು ಒರೆಸಿದೆ ಅಪ್ಪ?"

"ಏನೂ ಇಲ್ಲಮ್ಮ, ಎಲ್ಲೋ ಒಂದೆರಡು ಕಲೆ ಉಳಿದಿತ್ತು, ಒರೆಸಿದೆ" ಎಂದೆ. ಬೇಡದ ಜಾಗದಲ್ಲಿ ಕಲೆ ಕಂಡರೆ ಅಚ್ಚಿನವನ ಕೈ ತಾನಾಗಿ ಬಟ್ಟೆಗೆ ಹೋಗುತ್ತದೆ. ಅದಕ್ಕೂ ಅಪ್ಪಣೆ ಬೇಕೇ?

"ಅಪ್ಪಾ! ಹೇಳಿದ್ದಷ್ಟೇ ಮಾಡಬೇಕು ಅಂದಿದ್ದೆ! ಮೊದ್ದಣ್ಣಂಗೆ ನಿನ್ನಷ್ಟು ಬುದ್ಧಿ ಇಲ್ಲ."

ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮತ್ತೆ ಹದಿಮೂರು ಫಿಲ್ಮು, ಮತ್ತೆ ದೀಪ. ಈ ಸಲ ಅಕ್ಕ ಒದ್ದೆ ಬಟ್ಟೆಯನ್ನು ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡು, ಮಗಳ ಬಾಯಿಂದ "ಅಳಿಸು" ಎಂದು ಬಂದರೆ ಮಾತ್ರ ನನಗೆ ಕೊಡುವುದು ಎಂದು ತೀರ್ಮಾನವಾಯಿತು. ಜೀವನಪೂರ್ತಿ ಕೇಳಿದ ನಂಬರಿಗಷ್ಟೇ ಲೈನು ಕೊಟ್ಟವಳು, ಅಂಥ ಕೆಲಸಕ್ಕೆ ಹೇಳಿ ಮಾಡಿಸಿದ ಹೆಂಗಸು.

ಹನ್ನೆರಡನೆಯ ನಡೆಯಲ್ಲಿ ನನ್ನ ಕಪ್ಪು ಕಾಲಾಳು ಎರಡು ಮನೆ ಹಾರಿ ಅವನ ಕಾಲಾಳಿನ ಪಕ್ಕಕ್ಕೇ ಬಂದು ನಿಂತಿತ್ತು. ಚೆಸ್ಸಿನಲ್ಲಿ ಒಂದು ನಿಯಮವಿದೆ. ಹೀಗೆ ಹಾರಿ ಬಂದವನನ್ನು, ಒಂದೇ ಮನೆ ಬಂದಿದ್ದರೆ ಹೇಗೋ ಹಾಗೆ, ಓರೆಯಾಗಿ ಅವನ ಹಿಂದಿನ ಮನೆಗೆ ಹೋಗಿ ಹೊಡೆಯಬಹುದು. ಮೊದ್ದಣ್ಣ ಹಾಗೆ ಹೊಡೆದಿದ್ದ. ಇಡೀ ಆಟದಲ್ಲಿ ಹೊಡೆದವನು ಒಂದು ಮನೆಯಲ್ಲಿ, ಸತ್ತವನು ಇನ್ನೊಂದು ಮನೆಯಲ್ಲಿ ಇರುವ ಪ್ರಸಂಗ ಇದೊಂದೇ.

"ಓದು" ಎಂದೆ.

"ಹೊಡೆಯೋ ಕಾಲಾಳನ್ನ ಅದರ ಹಾಳೇಲಿ ಹಳೇ ಮನೆಯಿಂದ ಅಳಿಸು, ಹೊಸ ಮನೇಲಿ ಹಾಕು."

ಮಾಡಿದೆ.

"ಎಲ್ಲರ ಹಾಳೇಲೂ ಹಾಗೇ ಮಾಡು."

ಮಾಡಿದೆ.

"ಸತ್ತ ಕಾಲಾಳನ್ನ ಕಪ್ಪು ಕಾಲಾಳಿನ ಹಾಳೆಯಿಂದ ಅಳಿಸು."

ಅಳಿಸಿದೆ. ಅವಳು ನಿಲ್ಲಿಸಿದಳು.

"ಮುಂದೆ?"

"ಮುಂದೆ ಇಲ್ಲ" ಎಂದಳು. ಧ್ವನಿ ಬದಲಾಗಿತ್ತು. "ಅಪ್ಪ, ಮುಂದಿನ ಸಾಲೇ ಇಲ್ಲ."

ಮೂವರೂ ಗಾಜಿನ ಮೇಲೆ ಬಗ್ಗಿದೆವು. ಹನ್ನೆರಡು ಹಾಳೆಯಲ್ಲೂ ಸತ್ತವನ ಮನೆ ಖಾಲಿ. ಹದಿಮೂರನೆಯದರಲ್ಲಿ ಮಾತ್ರ ಒಂದು ಚುಕ್ಕೆ ಹಾಗೇ ಕೂತಿತ್ತು. ಬೇರೆ ಹೊಡೆತಗಳಲ್ಲಿ ಸತ್ತವನ ಮನೆಗೇ ಹೊಡೆದವನು ಬಂದು ನಿಲ್ಲುತ್ತಾನೆ, ಎಲ್ಲರ ಹಾಳೆಯ ಚುಕ್ಕೆ ಅಲ್ಲೇ ಇರಬೇಕಾದದ್ದು, ಅಳಿಸುವ ಮಾತೇ ಬರುವುದಿಲ್ಲ. ಇದೊಂದರಲ್ಲಿ ಅಳಿಸಬೇಕಿತ್ತು, ಇವಳು ಮರೆತಿದ್ದಳು. ಅಲ್ಲಿಂದ ಮುಂದೆ ಆ ಮನೆಗೆ ಯಾರೂ ಕಾಲಿಡುವುದಿಲ್ಲ, ಯಾರೂ ಅದನ್ನು ದಾಟುವುದಿಲ್ಲ. ಯಾರಿದ್ದಾರೆ ಅಲ್ಲಿ ಎಂದು ಕೇಳಿದರೆ ಹನ್ನೆರಡು ಹಾಳೆಗೂ ಗೊತ್ತಿಲ್ಲ. ಆನೆಯದೇನು ತಪ್ಪು? ಸುತ್ತಿಕೊಂಡೇ ಹೋಗಬೇಕು. ಪಾಪ, ಅದನ್ನು ಪೆದ್ದು ಎಂದು ಬೈದಿದ್ದೆ.

ಮಗಳು ಒಂದು ಸಾಲು ಸೇರಿಸಿದಳು. ಅದೇ ಆಟವನ್ನು ಮೊದ್ದಣ್ಣನಿಗೆ ಕೊಟ್ಟೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಆನೆ ನೇರ ಬಂದು ನನ್ನ ಮಂತ್ರಿಯನ್ನು ಎತ್ತಿತು. ಮಗಳು ಕುಣಿದಳು. ಅಕ್ಕ ಒದ್ದೆ ಬಟ್ಟೆಯನ್ನು ಬಾವುಟದಂತೆ ಬೀಸಿದಳು. ನಾನೂ ಎಡಗೈಯಿಂದ ತೊಡೆ ತಟ್ಟಿಕೊಂಡು ಕೂಗಿದೆ.

ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. "ಲೋ, ಮೊದ್ದಣ್ಣ ಸೋತ್ರೆ ತಾನೇ ನೀನು ಗೆಲ್ಲೋದು? ನಿನ್ನ ಪಂಥಕ್ಕೆ ನೀನೇ ಕಲ್ಲು ಹಾಕ್ಕೊಂಡ್ಯಲ್ಲೋ!"

ಸ್ಪರ್ಧೆ ಎಂದರೆ ನ್ಯಾಯವಾಗಿ ಇರಬೇಕು, ಎದುರಾಳಿಯ ಕಣ್ಣು ಕಟ್ಟಿ ಗೆಲ್ಲುವವನು ನಾನಲ್ಲ ಎಂದೆ. ಅವಳು ನಗುತ್ತಾ ಮೆಟ್ಟಿಲಿಳಿದಳು. ಅದರಲ್ಲಿ ನಗುವಂಥದ್ದು ಏನಿತ್ತೋ ನನಗೆ ಗೊತ್ತಾಗಲಿಲ್ಲ.

ಜುಲೈ 1, ಮಂಗಳವಾರ

ಬನಿಯನ್ನುಗಳ ಮೇಲೆ ಹುಲಿ ಚಿತ್ರ ಅಚ್ಚು ಹಾಕುವವರೊಬ್ಬರು ಫೋನ್ ಮಾಡಿದ್ದರು. ಮೇಜು ನೋಡಲು ಹದಿನಾರನೇ ತಾರೀಕು ಬರುತ್ತಾರಂತೆ. ಅದರ ಒಂದು ಕಾಲು ಸ್ವಲ್ಪ ಅಲುಗುತ್ತದೆ ಎಂದು ನಾನಾಗಿ ಹೇಳಿದೆ. ಪರವಾಗಿಲ್ಲವಂತೆ. ಹಲಗೆಯೂ ಸ್ವಲ್ಪ ಡೊಂಕು ಎಂದೆ. ಅದೂ ಪರವಾಗಿಲ್ಲವಂತೆ. ಎಂಥ ವ್ಯಾಪಾರಸ್ಥರೋ!

ಜುಲೈ 6, ಭಾನುವಾರ

ಮೊದಲ ಆಟ ಸೋತ. ಎರಡನೆಯದು ಸೋತ. ಮೂರನೆಯದರಲ್ಲಿ ಮಗಳು ಉಗುರು ಕಚ್ಚುತ್ತಿದ್ದಳು, ನಾನು ಪ್ಲಾಸ್ಟರ್ ಕಚ್ಚುತ್ತಿದ್ದೆ. ಸೋತ. ನಾಲ್ಕನೆಯದೂ ಸೋತ. ಆ ಎದುರಾಳಿ ಪ್ರೋಗ್ರಾಮನ್ನು ಬರೆದವನಿಗೆ ಮನೆ, ಮಕ್ಕಳು, ಬೇರೆ ಕೆಲಸ ಏನೂ ಇದ್ದಂತಿಲ್ಲ.

ಐದನೆಯ ಆಟ! ಕಾಲಾಳು ಹಾರಿ ಬಂತು, ಮೊದ್ದಣ್ಣ ಹಾದಿಯಲ್ಲೇ ಹೊಡೆದ. ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹತ್ತು ನಡೆಯ ಮೇಲೆ ಆನೆ ಅದೇ ಮನೆಯ ಮೇಲೆ ಹಾಯ್ದು, ಸೊಯ್ಯನೆ ಹೋಗಿ ಎದುರಾಳಿಯ ಒಂಟೆಯನ್ನು ಎತ್ತಿತು. ನಾನು ಕುರ್ಚಿ ಬೀಳಿಸಿಕೊಂಡು ಎದ್ದು ನಿಂತೆ. ಗೆದ್ದಂತೆಯೇ ಎಂದು ಅಕ್ಕನಿಗೆ ಫೋನನ್ನೂ ಮಾಡಿಬಿಟ್ಟೆ. ಆಮೇಲೆ ಮೊದ್ದಣ್ಣ ತನ್ನ ಹಳೆಯ ಗುಣಕ್ಕೆ ಬಂದ. ಗೆಲುವನ್ನು ಕೈಯಲ್ಲಿಟ್ಟುಕೊಂಡು ಅತ್ತಿತ್ತ ಓಡಾಡಿ, ಅದೇ ಸ್ಥಿತಿ ಮೂರು ಸಲ ಬರಿಸಿಕೊಂಡು, ಆಟ ಡ್ರಾ.

ಊಟ ಸೇರಲಿಲ್ಲ.

ಜುಲೈ 7, ಸೋಮವಾರ

ಡ್ರಾ ಎಂದರೆ ಅರ್ಧ ಅಂಕ. ಅರ್ಧ ಅಂಕ ಎಂದರೆ ಅರ್ಧ ಗೆಲುವು. ಸೋಲಂತೂ ಅಲ್ಲ. ಬೆಳಿಗ್ಗೆ ತಿಂಡಿಗೆ ಕೂತಾಗ ಇದನ್ನು ಮಗಳಿಗೆ ಸಮಾಧಾನದಿಂದ ವಿವರಿಸಿದೆ.

"ಇಲ್ಲ ಅಪ್ಪ, ಪಂಥ ಅಂದ್ರೆ ಪಂಥ. ಒಂದಾದ್ರೂ ಗೆಲ್ಬೇಕು ಅಂತ ಇತ್ತು, ಗೆಲ್ಲಲಿಲ್ಲ. ಮೇಜಿನ ಕಾಲು ಹಿಡ್ಕೊಳೋಕೆ ನಾನು ರೆಡಿ."

"ನೀನು ಸ್ವಲ್ಪ ವಾದ ಮಾಡಬಹುದು."

"ನಾನು ಸೋತೋಳು, ನಾನ್ಯಾಕೆ ವಾದ ಮಾಡ್ಲಿ? ನೀನು ಗೆದ್ದಿದ್ಯಲ್ಲ, ಖುಷಿಯಾಗಿರು" ಎಂದು ತಟ್ಟೆ ಎತ್ತಿಕೊಂಡು ಹೋದಳು. ಈ ಹುಡುಗಿಗೆ ಛಲವೇ ಇಲ್ಲ. ಅವಳಮ್ಮನ ಹತ್ತಿರ ಹೀಗೆ ನಡೆಯುತ್ತಿತ್ತೇ? ಅವಳಾಗಿದ್ದರೆ ಅರ್ಧ ಅಂಕವನ್ನು ಇಡಿ ಮಾಡಿಸಿಕೊಂಡು ಎದ್ದಿರುತ್ತಿದ್ದಳು. ಇವತ್ತು ಅವಳ ನೆನಪು ಬಹಳ ಬಂತು.

ಜುಲೈ 15, ಮಂಗಳವಾರ

ಪ್ಲಾಸ್ಟರ್ ಬಿಚ್ಚಿದರು. ಇದು ಬಲಗೈ ಬರಹ. ಅಭ್ಯಾಸ ತಪ್ಪಿ ಎಡಗೈಯದಕ್ಕಿಂತ ಸೊಟ್ಟಗಿದೆ. ಕೈ ಬೆಳ್ಳಗೆ, ಸಣ್ಣಗೆ, ಬೇರೆ ಯಾರದ್ದೋ ಎನ್ನುವ ಹಾಗಿದೆ.

ಅಕ್ಕ ನಾಳೆ ಮೇಜು ನೋಡಲು ಬರುವವರಿಗಾಗಿ ಕೋಣೆ ಗುಡಿಸಿದಳು. ನನ್ನ ಕೆಟ್ಟ ಹಾಳೆಗಳ ರಾಶಿಯನ್ನೆಲ್ಲ ಹಳೇ ಪೇಪರಿನವನಿಗೆ ಹಾಕಿಬಿಟ್ಟಿದ್ದಾಳೆ. ಜಗಳವಾಡಿ ನಾಲ್ಕು ಹಾಳೆ ಉಳಿಸಿಕೊಂಡೆ.

ಜುಲೈ 16, ಬುಧವಾರ

ಹುಲಿ ಬನಿಯನ್ನಿನವರು ಬಂದರು. ಮಗಳು ಮಾತಿಗೆ ತಪ್ಪಬಾರದೆಂದು ರಜೆ ಹಾಕಿ, ತೋಳು ಮಡಚಿಕೊಂಡು ನಿಂತಿದ್ದಳು. ಅವರು ಅಳತೆಯ ಟೇಪು ತೆಗೆದು ಈಚೆಯಿಂದ ಅಗಲ ನೋಡಿದರು. ಆಮೇಲೆ ಎಡಗಡೆಯಿಂದ ಮೂರೇ ಹೆಜ್ಜೆ ಇಟ್ಟು ಆಚೆ ಹೋಗಿ, ರ್ಯಾಕಿಗೆ ಬೆನ್ನು ಮಾಡಿ ನಿಂತು, ಮೇಜಿನ ಮೇಲೆ ಕೈಯೂರಿದರು.

"ಅಲ್ಲಿ ನಿಲ್ಬೇಡಿ!"

ಕೂಗಿದವನು ನಾನೇ ಎಂದು ಆಮೇಲೆ ಗೊತ್ತಾಯಿತು. ಅವರು ಹಾರಿಬಿದ್ದರು, ಟೇಪು ಸರ್ರನೆ ಸುತ್ತಿಕೊಂಡಿತು. "ಯಾಕೆ ಸ್ವಾಮಿ, ಕರೆಂಟು ಹೊಡೆಯತ್ತಾ?"

ಮಗಳು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಅಪ್ಪ, ಅಲ್ಲಿ ಯಾರೂ ಇಲ್ಲ."

"ಗೊತ್ತು" ಎಂದೆ.

ಗೊತ್ತಿತ್ತು. ಆದರೂ ನನಗೆ ಅಳು ಬಂತು. ಬನಿಯನ್ನಿನವರ ಮುಂದೆ, ಹೊಸದಾಗಿ ಬಿಡಿಸಿಕೊಂಡ ಕೈಯಲ್ಲಿ ಕಣ್ಣೊರೆಸಿಕೊಂಡು ಅತ್ತೆ. ಹದಿನೈದು ತಿಂಗಳಲ್ಲಿ ಇದೇ ಮೊದಲು. ಅವರು ಪಾಪ, ಮೇಜಿನ ಮೇಲೆ ಇಷ್ಟು ಪ್ರೀತಿಯೇ ಎಂದು ಗಾಬರಿಯಾಗಿ, ನನಗೇ ನೀರು ತಂದುಕೊಟ್ಟರು.

ಮೇಜು ಮಾರುವುದಿಲ್ಲ ಎಂದೆ. ಫೋನಿನಲ್ಲಿ ಹಾಗೆ ಹೇಳಿರಲಿಲ್ಲವಲ್ಲ ಎಂದರು. "ಆಟ ಡ್ರಾ ಆಗಿದೆ" ಎಂದೆ. ಅವರು ಮಗಳ ಕಡೆ ನೋಡಿದರು. ಮಗಳು ಗಂಭೀರವಾಗಿ ತಲೆಯಾಡಿಸಿ "ಹೌದು ಸಾರ್, ಅರ್ಧ ಅಂಕ" ಎಂದಳು.

ಅವರು ಹೋದ ಮೇಲೆ ಬೀಜದಂಗಡಿಗೆ ಫೋನ್ ಮಾಡಿದೆ.

ಜುಲೈ 20, ಭಾನುವಾರ

ಬೆಳಿಗ್ಗೆಯಿಂದ ಕ್ಯಾರೆಟ್. ಈಚೆ ನಾನು, ಆಚೆ ಮಗಳು. ನಾಳೆಯಿಂದ ವಾರದ ದಿನಗಳಲ್ಲಿ ಅಕ್ಕ ನಿಲ್ಲುತ್ತಾಳಂತೆ, ಯಾರೂ ಕರೆದಿರಲಿಲ್ಲ, ಅವಳೇ ಘೋಷಿಸಿದ್ದಾಳೆ. ಬಲಗೈಗೆ ಇನ್ನೂ ಪೂರ್ತಿ ಬಲ ಬಂದಿಲ್ಲ, ಎರಡೂ ಕೈ ಸೇರಿಸಿ ಎಳೆದೆ.

ಮೊದಲ ಹಾಳೆಯನ್ನೇ ಮಗಳು ನಡುವಿಗೆ ಹಿಡಿದು ಎಲೆಗೆ ಹೆಬ್ಬೆಟ್ಟು ಒತ್ತಿದಳು.

"ಮೂಲೆ ಹಿಡಿ, ಮೂಲೆ! ಕಣ್ಣಿಗೆ ನಿಮ್ಮ ಅಂಗಡಿಯದೇ ಒಂದು ಕನ್ನಡಕ ಹಾಕ್ಕೊಂಡು ಬಾ!" ಎಂದು ಬೈದೆ.

"ಅಮ್ಮಂಗೂ ಹೀಗೇ ಬಯ್ತಿದ್ಯಾ?"

"ಇಲ್ಲ. ಅವಳೇ ನನಗೆ ಬಯ್ತಿದ್ದಳು, ನಿಧಾನ ಅಂತ."

"ನಿಧಾನನೇ" ಎಂದಳು. "ಬೇಗ ಎಳಿ, ಕೈ ಖಾಲಿ ಇದೆ."

ಬೇಗ ಎಳೆದೆ. ಅವಳು ಎತ್ತುತ್ತಾ ಹೋದಳು, ತಿರುಗಿ ರ್ಯಾಕಿಗೆ ಇಡುತ್ತಾ ಹೋದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರಿಗೂ ಒಂದು ಲಯ ಸಿಕ್ಕಿತ್ತು. ಬಕೆಟ್ ಅದರ ಜಾಗದಲ್ಲೇ ಇತ್ತು, ಅತ್ತ ಯಾರೂ ಹೋಗಲಿಲ್ಲ.

ಒಟ್ಟು ಇನ್ನೂರ ನಲವತ್ತು ಹಾಳೆ. ಕೆಟ್ಟದ್ದು ಒಂದು, ಹೆಬ್ಬೆಟ್ಟಿನದು. ಅದರ ಹಿಂಬದಿಯಲ್ಲೇ ಇದನ್ನು ಬರೆಯುತ್ತಿದ್ದೇನೆ, ಅಕ್ಕನಿಂದ ಉಳಿಸಿಕೊಂಡ ನಾಲ್ಕೂ ತುಂಬಿಹೋಗಿವೆ. ಈ ಹಾಳೆಯೂ ಇಲ್ಲಿಗೆ ಮುಗಿಯಿತು, ಬರೆಯಲು ಇನ್ನು ಮನೆಯಲ್ಲಿ ಕೆಟ್ಟ ಹಾಳೆ ಇಲ್ಲ.